ಬಿಚ್ಚುವುದಕ್ಕೆ ಮುಂಚೆ: ಮ್ಯಾನುಯಲ್ ಗೇರ್‌ಬಾಕ್ಸ್‌ನ ದೂರು ಮತ್ತು ದುರಸ್ತಿ

‘ಗೇರ್ ಬೀಳ್ತಾ ಇಲ್ಲ’ ಅನ್ನುವ ಒಂದೇ ದೂರಿನ ಹಿಂದೆ ಹತ್ತಾರು ಕಾರಣ ಇರಬಹುದು. ಗೇರ್ ಕೇಬಲ್‌ನ ತುದಿಯಲ್ಲಿರುವ ಪ್ಲಾಸ್ಟಿಕ್ ಬುಷ್ ಸವೆದಿದ್ದರೂ ಗೇರ್ ಬೀಳುವುದಿಲ್ಲ, ಕ್ಲಚ್‌ನ ಪೈಪಿನೊಳಗೆ ಗಾಳಿ ಸೇರಿದ್ದರೂ ಬೀಳುವುದಿಲ್ಲ, ಗೇರ್ ಬೀಳುವ ಮುನ್ನ ವೇಗ ಸಮ ಮಾಡುವ ಸಿಂಕ್ರೊ ರಿಂಗ್ ತೇದುಹೋಗಿದ್ದರೂ ಬೀಳುವುದಿಲ್ಲ. ಮೊದಲನೆಯದು ಅರ್ಧ ಗಂಟೆಯ ಕೆಲಸ. ಕೊನೆಯದಕ್ಕೆ ಗೇರ್‌ಬಾಕ್ಸನ್ನು ಕೆಳಗಿಳಿಸಿ, ಎರಡು ಹೋಳು ಮಾಡಿ, ಶಾಫ್ಟ್‌ಗಳ ಮೇಲಿನ ಒಂದೊಂದೇ ಭಾಗವನ್ನು ಕಳಚಬೇಕು. ಈ ಎರಡರ ನಡುವೆ ಯಾವುದು ಅಂತ ಕಾರನ್ನು ಬಿಚ್ಚದೆಯೇ ಹೇಳಲು ಬರುತ್ತದೆ, ಹೇಳಲೇಬೇಕು ಕೂಡ. ಯಾವ ಗೇರಿನಲ್ಲಿ, ಕ್ಲಚ್ ಒತ್ತಿದಾಗಲೋ ಬಿಟ್ಟಾಗಲೋ, ವೇಗ ಏರುವಾಗಲೋ ಇಳಿಯುವಾಗಲೋ ಎಂಬ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ದೋಷ ಯಾವ ಶಾಫ್ಟಿನ ಯಾವ ಜಾಗದಲ್ಲಿದೆ ಎನ್ನುವವರೆಗೂ ಹೋಗಬಹುದು. ಗೇರ್‌ಬಾಕ್ಸ್ ಕೆಲಸದಲ್ಲಿ ಕೈಗಿಂತ ಮುಂಚೆ ಕಿವಿ ದುಡಿಯಬೇಕು ಎನ್ನುವುದು ನನ್ನ ಗಟ್ಟಿಯಾದ ನಂಬಿಕೆ.

ಒಳಗೆ ಏನು ನಡೆಯುತ್ತದೆ ಎನ್ನುವುದು ಕಣ್ಣ ಮುಂದೆ ಇಲ್ಲದಿದ್ದರೆ ಈ ಪ್ರಶ್ನೆಗಳಿಗೆ ಅರ್ಥವಿಲ್ಲ. ಗೇರ್ ಬದಲಿಸಿದಾಗ ಹಲ್ಲಿನ ಚಕ್ರಗಳು ಒಂದರಿಂದ ಬಿಟ್ಟು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತವೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಇಂದಿನ ಕಾರುಗಳಲ್ಲಿ ಮುಂದಕ್ಕೆ ಹೋಗುವ ಗೇರುಗಳೆಲ್ಲ ಯಾವಾಗಲೂ ಜೋಡಿ ಜೋಡಿಯಾಗಿ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಜೋಡಿಯಲ್ಲಿ ಒಂದು ಚಕ್ರ ತನ್ನ ಶಾಫ್ಟಿಗೆ ಬಿಗಿಯಾಗಿರುತ್ತದೆ, ಇನ್ನೊಂದು ನೀಡಲ್ ಬೇರಿಂಗ್ ಮೇಲೆ ಸಡಿಲವಾಗಿ ಸುತ್ತುತ್ತಿರುತ್ತದೆ. ಆ ಸಡಿಲ ಚಕ್ರವನ್ನು ಶಾಫ್ಟಿಗೆ ಬಿಗಿಯುವುದೇ ಗೇರ್ ಹಾಕುವುದು. ಶಾಫ್ಟಿಗೆ ಕೂತ ಹಬ್, ಅದರ ಮೇಲೆ ಜಾರುವ ಸ್ಲೀವ್, ಸ್ಲೀವನ್ನು ತಳ್ಳುವ ಫೋರ್ಕ್, ಚಕ್ರದ ಪಕ್ಕದಲ್ಲಿರುವ ಸಣ್ಣ ಡಾಗ್ ಹಲ್ಲುಗಳು, ನಡುವೆ ಸಿಂಕ್ರೊ ರಿಂಗ್. ಸ್ಲೀವ್ ಮುಂದಕ್ಕೆ ಬಂದಾಗ ಮೊದಲು ರಿಂಗನ್ನು ಚಕ್ರದ ಶಂಕುವಿನ ಮೇಲೆ ಒತ್ತುತ್ತದೆ. ರಿಂಗ್ ಉಜ್ಜಿ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಸಮ ಆಗುವವರೆಗೆ ರಿಂಗಿನ ಹಲ್ಲುಗಳು ಸ್ಲೀವಿಗೆ ಅಡ್ಡ ನಿಂತಿರುತ್ತವೆ. ಸಮ ಆದ ಕ್ಷಣ ರಿಂಗ್ ಸ್ವಲ್ಪ ಹೊರಳಿ ದಾರಿ ಬಿಡುತ್ತದೆ, ಸ್ಲೀವ್ ಡಾಗ್ ಹಲ್ಲುಗಳ ಮೇಲೆ ಏರಿ ಕೂರುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಈ ಬಗೆಯ ಗೇರ್‌ಬಾಕ್ಸ್ ಮಾರುಕಟ್ಟೆಗೆ ಬರುವ ತನಕ ವೇಗ ಸಮ ಮಾಡುವ ಈ ಕೆಲಸವನ್ನೆಲ್ಲ ಚಾಲಕ ತನ್ನ ಕಾಲು, ಕಿವಿಗಳಿಂದಲೇ ಮಾಡಬೇಕಿತ್ತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸಿಂಕ್ರೊ ರಿಂಗಿಗೆ ಒಂದು ಕ್ಲಚ್ ಪ್ಲೇಟ್ ಮತ್ತು ಅದಕ್ಕೆ ಅಂಟಿದ ಶಾಫ್ಟನ್ನು ನಿಧಾನಿಸುವ ಶಕ್ತಿ ಇದೆ, ಇಂಜಿನ್ನನ್ನೇ ನಿಧಾನಿಸುವ ಶಕ್ತಿ ಇಲ್ಲ. ಪೆಡಲ್ ಒತ್ತಿದಾಗ ಕ್ಲಚ್ ಇಂಜಿನ್ನಿನ ಹಿಡಿತವನ್ನು ಪೂರ್ತಿ ಬಿಡದಿದ್ದರೆ ರಿಂಗ್ ಎಷ್ಟು ಹೊಸದಾಗಿದ್ದರೂ ಸೋಲುತ್ತದೆ, ದಿನಾ ಸೋತು ಬೇಗ ಸವೆಯುತ್ತದೆ. ಆದ್ದರಿಂದ ಮೊದಲ ವಿಚಾರಣೆ ಕ್ಲಚ್‌ನದು.

ಇಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಒಂದು ಗೇರ್ ತಡೆದರೆ ಕಾರನ್ನು ಒಂದು ಗೇಣು ಮುಂದಕ್ಕೆ ತಳ್ಳಿ ಮತ್ತೆ ಹಾಕಿ. ಹಲ್ಲಿನ ತುದಿಗೆ ತುದಿ ಎದುರಾಗಿ ನಿಂತಿದ್ದರೆ ಅದು ದೋಷವಲ್ಲ. ಇಂಜಿನ್ ಆಫ್ ಇದ್ದಾಗ ಎಲ್ಲವೂ ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ಬೀಳದಿದ್ದರೆ ಅನುಮಾನ ಕ್ಲಚ್ ಮೇಲೆ. ಆಫ್ ಇದ್ದಾಗಲೂ ಲಿವರ್ ಬಿಗಿಯಾಗಿದ್ದರೆ ಕೇಬಲ್, ರಾಡು, ಬುಷ್, ಒಳಗಿನ ಫೋರ್ಕ್ ರೈಲುಗಳ (ಫೋರ್ಕುಗಳನ್ನು ಹೊತ್ತು ಸರಿಯುವ ಕಂಬಿಗಳ) ಕಡೆ ನೋಡಬೇಕು. ಕೇಬಲ್ಲನ್ನು ಗೇರ್‌ಬಾಕ್ಸ್ ಕಡೆಯ ತುದಿಯಿಂದ ಬಿಡಿಸಿ, ಅಲ್ಲಿನ ಲಿವರನ್ನು ಕೈಯಲ್ಲೇ ಆಡಿಸಿದರೆ ಈ ಅನುಮಾನವೂ ಎರಡಾಗಿ ಒಡೆಯುತ್ತದೆ. ಅಲ್ಲಿ ಹಗುರವಾಗಿ ಆಡಿದರೆ ದೋಷ ಕೇಬಲ್‌ನಲ್ಲಿದೆ, ಗೇರ್‌ಬಾಕ್ಸ್ ನಿರಪರಾಧಿ.

ಎರಡನೆಯ ಪರೀಕ್ಷೆ ರಿವರ್ಸಿನದು. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದಿಲ್ಲ. ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ಚನ್ನು ತಳದವರೆಗೆ ಒತ್ತಿ, ಐದಾರು ಸೆಕೆಂಡ್ ಕಾದು ರಿವರ್ಸ್ ಹಾಕಿ. ಅಷ್ಟರಲ್ಲಿ ಒಳಗಿನ ಶಾಫ್ಟ್ ತಾನಾಗಿ ನಿಂತಿರಬೇಕು. ಆಗಲೂ ‘ಕರ್‌ರ್’ ಎಂದರೆ ಯಾವುದೋ ಅದನ್ನು ತಿರುಗಿಸುತ್ತಲೇ ಇದೆ, ಅಂದರೆ ಕ್ಲಚ್ ಬಿಡುತ್ತಿಲ್ಲ. ಕಾಯದೆ ತಟ್ಟನೆ ಹಾಕಿದಾಗ ಮಾತ್ರ ಸದ್ದು ಬರುತ್ತಿದ್ದರೆ ಅದು ದೋಷವೇ ಅಲ್ಲ, ಅವಸರ.

ಕ್ಲಚ್ ಬಿಡದಿರಲು ಕಾರಣಗಳು ಹಲವು. ಹೈಡ್ರಾಲಿಕ್ ಕ್ಲಚ್ ಆಗಿದ್ದು, ಪೆಡಲನ್ನು ನಾಲ್ಕೈದು ಸಲ ಬೇಗಬೇಗ ಒತ್ತಿದಾಗ ಗೇರ್ ಸರಿಯಾಗಿ ಬಿದ್ದರೆ ಪೈಪಿನಲ್ಲಿ ಗಾಳಿ ಇದೆ, ಇಲ್ಲವೇ ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸೋರುತ್ತಿದೆ. ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್ ಹೊರಗಿದ್ದರೆ ಅದರ ರಾಡು ಎಷ್ಟು ಮಿ.ಮೀ. ಚಲಿಸುತ್ತದೆ ಎಂದು ಸ್ಕೇಲಿಟ್ಟು ಅಳೆಯಿರಿ, ಆ ಕಾರಿನ ಸರ್ವಿಸ್ ಮ್ಯಾನುಯಲ್ಲಿನ ಅಂಕಿಯ ಜತೆ ಹೋಲಿಸಿ. ಕೇಬಲ್ ಕ್ಲಚ್ ಆದರೆ ಫ್ರೀ ಪ್ಲೇ (ಪೆಡಲಿನ ಖಾಲಿ ಓಡಾಟ) ಹೆಚ್ಚಾಗಿರಬಹುದು, ಕೇಬಲ್ ಹಿಗ್ಗಿರಬಹುದು. ಇವೆಲ್ಲ ಸರಿ ಇದ್ದರೆ ಒಳಗಿನ ಕಾರಣಗಳು: ಬಾಗಿದ ಕ್ಲಚ್ ಪ್ಲೇಟ್, ತುಕ್ಕು ಹಿಡಿದು ಪ್ಲೇಟ್ ಜಾರದಂತಾದ ಸ್ಪ್ಲೈನ್ (ಶಾಫ್ಟಿನುದ್ದದ ಹಲ್ಲುಗೆರೆಗಳು), ಸವೆದ ಕ್ಲಚ್ ಫೋರ್ಕಿನ ತುದಿ. ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಪೈಲಟ್ ಬೇರಿಂಗ್ ಇರುವ ಕಾರುಗಳಲ್ಲಿ ಇನ್ನೊಂದನ್ನೂ ನೆನಪಿಡಬೇಕು. ಆ ಬೇರಿಂಗ್ ಜಾಮ್ ಆದರೆ ಕ್ಲಚ್ ಪೂರ್ತಿ ಬಿಟ್ಟಿದ್ದರೂ ಇಂಜಿನ್ ನೇರವಾಗಿ ಇನ್‌ಪುಟ್ ಶಾಫ್ಟನ್ನು, ಅಂದರೆ ಕ್ಲಚ್ ಪ್ಲೇಟಿನಿಂದ ಗೇರ್‌ಬಾಕ್ಸಿನೊಳಗೆ ಬರುವ ಶಾಫ್ಟನ್ನು, ತಿರುಗಿಸುತ್ತದೆ. ಕ್ಲಚ್ ಸೆಟ್ಟನ್ನೇ ಬದಲಿಸಿದರೂ ದೂರು ಹಾಗೇ ಉಳಿಯಲು ಇದು ಸಾಕು.

ಕ್ಲಚ್ ಸರಿ ಇದೆ ಎಂದು ಖಚಿತವಾದ ಮೇಲೆ ಸಿಂಕ್ರೊ. ಇದಕ್ಕೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಪರೀಕ್ಷೆ ಡಬಲ್ ಕ್ಲಚ್, ಏಕೆಂದರೆ ಯಾವ ಉಪಕರಣವೂ ಬೇಡ. ಮೂರರಿಂದ ಎರಡಕ್ಕೆ ಇಳಿಸುವಾಗ ಸದ್ದು ಬರುತ್ತಿದೆ ಅಂದುಕೊಳ್ಳಿ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ತಟ್ಟಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಈಗ ಸದ್ದಿಲ್ಲದೆ ಬಿದ್ದರೆ ಡಾಗ್ ಹಲ್ಲುಗಳು ಇನ್ನೂ ಬಳಸಬಹುದಾದ ಸ್ಥಿತಿಯಲ್ಲಿವೆ, ವೇಗ ಸಮ ಮಾಡುವ ರಿಂಗ್ ಮಾತ್ರ ಸೋತಿದೆ. ಸಾಮಾನ್ಯವಾಗಿ ಮೊದಲು ಸೋಲುವುದು ಎರಡನೆಯ ಗೇರಿನ ರಿಂಗೇ. ಒಂದು ಮತ್ತು ಎರಡರ ನಡುವೆ ಅನುಪಾತದ ಅಂತರ ದೊಡ್ಡದು, ಹಾಗಾಗಿ ಅದು ಪ್ರತಿ ಸಲವೂ ಹೆಚ್ಚು ವೇಗವ್ಯತ್ಯಾಸವನ್ನು ನುಂಗಬೇಕು. ಊರೊಳಗಿನ ಓಡಾಟದಲ್ಲಿ ಅತಿ ಹೆಚ್ಚು ಬಾರಿ ಬಳಕೆಯಾಗುವುದೂ ಅದೇ.

ಸದ್ದಿನ ಜಾಡು

ಸದ್ದು ಹುಡುಕಲು ರಸ್ತೆಗಿಂತ ಮೊದಲು ನಿಂತ ಕಾರೇ ಸಾಕು. ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟು, ಇಂಜಿನ್ ಓಡಿಸಿ. ಈಗ ಇನ್‌ಪುಟ್ ಶಾಫ್ಟ್ ತಿರುಗುತ್ತಿದೆ. ಇಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಕಾರಾದರೆ ಜತೆಗೆ ಅದರಿಂದ ಬಲ ಪಡೆಯುವ ಪಕ್ಕದ ಕೌಂಟರ್ ಶಾಫ್ಟೂ ತಿರುಗುತ್ತಿದೆ. ಈ ಸ್ಥಿತಿಯಲ್ಲಿ ಗೊರಗೊರ ಕೇಳಿಸಿ, ಕ್ಲಚ್ ಒತ್ತಿದ ಕೂಡಲೇ ನಿಂತರೆ ದೋಷ ಆ ಶಾಫ್ಟ್‌ಗಳ ಬೇರಿಂಗುಗಳಲ್ಲಿ. ಇದಕ್ಕೆ ತದ್ವಿರುದ್ಧವಾಗಿ, ಪೆಡಲಿನ ಮೇಲೆ ಕಾಲಿಟ್ಟು ಹಗುರವಾಗಿ ಒತ್ತುವಾಗಲೇ ಕೀಚು ಸದ್ದು ಶುರುವಾದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್. ಪೂರ್ತಿ ಒತ್ತಿ, ಗೇರ್ ಹಾಕಿ ನಿಂತಾಗ ಮಾತ್ರ ಬಂದರೆ ಪೈಲಟ್ ಬೇರಿಂಗ್, ಏಕೆಂದರೆ ಆಗಷ್ಟೇ ಕ್ರ್ಯಾಂಕ್ ತಿರುಗುತ್ತಾ ಇನ್‌ಪುಟ್ ಶಾಫ್ಟ್ ನಿಂತಿರುತ್ತದೆ. ನ್ಯೂಟ್ರಲ್‌ನಲ್ಲಿ ಸಣ್ಣಗೆ ಕಟಕಟ ಅನ್ನುವುದು, ಅದರಲ್ಲೂ ಡೀಸೆಲ್ ಇಂಜಿನ್ನುಗಳಲ್ಲಿ, ಸಡಿಲ ಚಕ್ರಗಳ ಹಲ್ಲುಗಳ ನಡುವಿನ ಸಹಜ ಸದ್ದು. ಅದೇ ಕಟಕಟ ಜೋರಾಗಿ, ಇಂಜಿನ್ ಆಫ್ ಮಾಡುವಾಗ ಧಡ್ ಎಂದು ಹೊಡೆದರೆ ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ಹೋಳಿನ ಫ್ಲೈವೀಲ್) ಇರುವ ಕಾರಿನಲ್ಲಿ ಅದನ್ನು ಮೊದಲು ನೋಡಬೇಕು.

ಇನ್ನು ಓಡುವಾಗಿನ ಸದ್ದು. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು ಅಥವಾ ಅದರ ನೀಡಲ್ ಬೇರಿಂಗ್. ಹಿಂದಿನ ಚಕ್ರ ತಿರುಗಿಸುವ ಹಳೆಯ ವಿನ್ಯಾಸದ ಗೇರ್‌ಬಾಕ್ಸ್‌ಗಳಲ್ಲಿ ನಾಲ್ಕನೆಯ ಗೇರ್ ಸಾಮಾನ್ಯವಾಗಿ ನೇರ ಜೋಡಣೆ. ಅಲ್ಲಿ ಬಲ ಕೌಂಟರ್ ಶಾಫ್ಟಿನ ಮೂಲಕ ಹೋಗುವುದಿಲ್ಲ. ನಾಲ್ಕರಲ್ಲಿ ಮಾತ್ರ ಸುಮ್ಮನಾಗಿ ಉಳಿದೆಲ್ಲದರಲ್ಲಿ ಕೂಗಿದರೆ ಬೆರಳನ್ನು ನೇರವಾಗಿ ಕೌಂಟರ್ ಶಾಫ್ಟಿನ ಕಡೆ ತೋರಿಸಬಹುದು. ಮುಂದಿನ ಚಕ್ರ ತಿರುಗಿಸುವ ಕಾರುಗಳ ಎರಡು ಶಾಫ್ಟಿನ ಗೇರ್‌ಬಾಕ್ಸ್‌ನಲ್ಲಿ ನೇರ ಜೋಡಣೆಯೇ ಇಲ್ಲದ್ದರಿಂದ ಈ ಸುಳಿವು ಸಿಗುವುದಿಲ್ಲ. ಎಲ್ಲ ಗೇರಿನಲ್ಲೂ ರಸ್ತೆಯ ವೇಗಕ್ಕೆ ತಕ್ಕಂತೆ ಏರುವ ಕೂಗು, ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಆದರೆ ಬಲವನ್ನು ಕೊನೆಗೆ ಚಕ್ರಗಳ ಕಡೆಗೆ ದಾಟಿಸುವ ಹಲ್ಲುಜೋಡಿ, ಅಂದರೆ ಕ್ರೌನ್ ಮತ್ತು ಪಿನಿಯನ್. ನ್ಯೂಟ್ರಲ್ ಮಾಡಿದರೂ ಬದಲಾಗದೆ, ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಹೆಚ್ಚುಕಡಿಮೆಯಾದರೆ ಅದು ಚಕ್ರದ ಬೇರಿಂಗ್. ತಿರುವಿನಲ್ಲಿ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಈ ಕೊನೆಯ ಎರಡಕ್ಕೂ ಗೇರ್‌ಬಾಕ್ಸಿಗೂ ಸಂಬಂಧವೇ ಇಲ್ಲ. ರಿವರ್ಸಿನಲ್ಲಿ ಊಂ ಎಂದು ಕೂಗುವುದು ಬಹಳ ಕಾರುಗಳಲ್ಲಿ ಸಹಜ. ಅದರ ಹಲ್ಲುಗಳು ಓರೆಯಾಗಿಲ್ಲದೆ ನೇರವಾಗಿ ಕತ್ತರಿಸಿದಂಥವು, ಒಂದೊಂದೇ ಹಲ್ಲು ಪೂರ್ತಿ ಅಗಲಕ್ಕೆ ಒಮ್ಮೆಗೇ ತಗಲುತ್ತದೆ.

ಗೇರ್ ತಾನಾಗಿ ಹೊರಗೆ ಹಾರುವುದು

ಈ ದೋಷವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತೇನೆ. ಇಳಿಜಾರಿನಲ್ಲಿ ಇಂಜಿನ್ ಬ್ರೇಕ್ ನಂಬಿ ಹೋಗುತ್ತಿರುವಾಗ ಗೇರ್ ನ್ಯೂಟ್ರಲ್ಲಿಗೆ ಹಾರಿದರೆ ಅಪಾಯ ನಿಜವಾದದ್ದು. ಲಿವರನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಓಡಿಸುವುದು ಪರಿಹಾರವಲ್ಲ. ಹಾಗೆ ಒತ್ತಿದ ಬಲ ನೇರವಾಗಿ ಫೋರ್ಕಿನ ತುದಿಗೆ ಹೋಗಿ, ತಿರುಗುವ ಸ್ಲೀವಿನ ತೋಡಿಗೆ ಅದನ್ನು ಉಜ್ಜುತ್ತದೆ, ಸವೆತ ಹೆಚ್ಚುತ್ತದೆ.

ಡಾಗ್ ಹಲ್ಲುಗಳ ಬದಿ ನೇರವಾಗಿರುವುದಿಲ್ಲ, ಹಿಂಭಾಗಕ್ಕೆ ಹೋದಂತೆ ತುಸು ಕಿರಿದಾಗುತ್ತದೆ. ಸ್ಲೀವಿನ ಒಳಹಲ್ಲಿಗೂ ಅದಕ್ಕೆ ಹೊಂದುವ ಓರೆ ಇರುತ್ತದೆ. ಹಾಗಾಗಿ ಬಲ ಬಿದ್ದಷ್ಟೂ ಸ್ಲೀವ್ ಒಳಕ್ಕೇ ಎಳೆದುಕೊಳ್ಳುತ್ತದೆ. ಗೇರನ್ನು ಹಿಡಿದಿಡುವ ನಿಜವಾದ ಕೆಲಸ ಈ ಓರೆಯದು, ರೈಲಿನ ಕಚ್ಚಿಗೆ ಕೂರುವ ಡಿಟೆಂಟ್ ಗುಂಡು ಮತ್ತು ಸ್ಪ್ರಿಂಗ್ ಅದಕ್ಕೆ ನೆರವು ಮಾತ್ರ. ವರ್ಷಗಟ್ಟಲೆ ಅರೆಬರೆ ಗೇರ್ ಹಾಕಿ, ಕರ್‌ರ್ ಅನ್ನಿಸಿ ಹಲ್ಲಿನ ಮೂಲೆಗಳು ದುಂಡಗಾದರೆ ಅದೇ ಬಲ ಸ್ಲೀವನ್ನು ಹೊರಕ್ಕೆ ತಳ್ಳತೊಡಗುತ್ತದೆ. ಆಗ ಸ್ಪ್ರಿಂಗ್ ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ. ಹೊಸ ಸಿಂಕ್ರೊ ರಿಂಗ್ ಹಾಕಿದರೂ ಹಾರುವುದು ನಿಲ್ಲುವುದಿಲ್ಲ, ಡಾಗ್ ಹಲ್ಲಿರುವ ಆ ಗೇರ್ ಚಕ್ರವನ್ನೂ ಸ್ಲೀವ್ ಮತ್ತು ಹಬ್ಬನ್ನೂ ಬದಲಿಸಬೇಕು.

ಆದರೂ ಮೊದಲು ಹೊರಗೆ ನೋಡಿ. ಇಂಜಿನ್ ಮೌಂಟಿನ ರಬ್ಬರ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಇಂಜಿನ್ ಗೇರ್‌ಬಾಕ್ಸ್ ಸಮೇತ ಓಲಾಡುತ್ತದೆ. ರಾಡಿನ ಲಿಂಕೇಜ್ ಇರುವ ಕಾರುಗಳಲ್ಲಿ ಆ ಓಲಾಟವೇ ಗೇರನ್ನು ಎಳೆದು ಹಾಕುತ್ತದೆ. ಲಿಂಕೇಜ್ ಹೊಂದಿಕೆ ತಪ್ಪಿ ಗೇರ್ ಪೂರ್ತಿ ಕೂರದೆ ಅರ್ಧಕ್ಕೇ ನಿಂತಿರಬಹುದು. ಗೇರ್‌ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಬೆಲ್ ಹೌಸಿಂಗ್‌ನ ಬೋಲ್ಟ್ ಸಡಿಲವಾಗಿ ಶಾಫ್ಟ್‌ಗಳ ಸಾಲು ತಪ್ಪಿರಬಹುದು. ಯಾವ ಯಾವ ಗೇರ್ ಹಾರುತ್ತದೆ ಎನ್ನುವುದು ಇಲ್ಲಿ ದೊಡ್ಡ ಸುಳಿವು. ಎರಡು ಮಾತ್ರ ಹಾರಿದರೆ ಆ ಗೇರಿನ ಡಾಗ್ ಹಲ್ಲು. ಮೂರು ಮತ್ತು ನಾಲ್ಕು ಎರಡೂ ಹಾರಿದರೆ ಅವೆರಡಕ್ಕೂ ಸೇರಿದ ಫೋರ್ಕ್, ಸ್ಲೀವ್, ಡಿಟೆಂಟ್. ಎಲ್ಲವೂ ಹಾರಿದರೆ ಮೌಂಟ್, ಲಿಂಕೇಜ್, ಇಲ್ಲವೇ ಶಾಫ್ಟನ್ನು ಹಿಡಿದ ಬೇರಿಂಗ್.

ಆಯಿಲ್ ಹೇಳುವುದು

ಬಿಚ್ಚುವ ಮುಂಚಿನ ಕೊನೆಯ ಸಾಕ್ಷಿ ಆಯಿಲ್. ಕಾರನ್ನು ಸ್ವಲ್ಪ ಓಡಿಸಿ ಬೆಚ್ಚಗಾದ ಮೇಲೆ ಸಮತಟ್ಟಾಗಿ ನಿಲ್ಲಿಸಿ ಖಾಲಿ ಮಾಡಬೇಕು. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನ ಪ್ಲಗ್ ಜಾಮ್ ಆಗಿರುವುದು ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಹೋದ ಮೇಲೆ ಗೊತ್ತಾದರೆ ಕಾರು ಅಲ್ಲೇ ನಿಲ್ಲುತ್ತದೆ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಲೇಪ ಇದ್ದರೆ ಅದು ಸಹಜ ಸವೆತ. ಹೊಳೆಯುವ ಉಕ್ಕಿನ ಚೂರು, ಸಿಪ್ಪೆಯಂಥ ಹೆಕ್ಕಳ ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಹಿತ್ತಾಳೆ ಬಣ್ಣದ ಮಿನುಗು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಆಯಿಲಿನಲ್ಲೇ ತೇಲುತ್ತದೆ. ಅದು ಸಿಂಕ್ರೊ ರಿಂಗಿನದು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆಳವಾದ ನೀರಿನಲ್ಲಿ ಓಡಿಸಿದಾಗ ಗಾಳಿಗಿರುವ ಬ್ರೀದರ್ ಮೂಲಕ ಒಳಗೆ ಹೋಗಿರುತ್ತದೆ. ಅದೇ ಬ್ರೀದರ್ ಮಣ್ಣಿನಿಂದ ಮುಚ್ಚಿಕೊಂಡರೆ ಒಳಗಿನ ಒತ್ತಡ ಹೆಚ್ಚಿ ಹೊಸ ಸೀಲಿನಿಂದಲೂ ಆಯಿಲ್ ಜಿನುಗುತ್ತದೆ. ಸೀಲ್ ಬದಲಿಸುವ ಮುನ್ನ ಬ್ರೀದರ್ ಊದಿ ನೋಡುವುದು ಇದಕ್ಕೇ. ಬೆಲ್ ಹೌಸಿಂಗ್ ಅಡಿಯಿಂದ ತೊಟ್ಟಿಕ್ಕುವುದು ಇಂಜಿನ್ ಆಯಿಲೋ ಗೇರ್ ಆಯಿಲೋ ಎಂಬ ಅನುಮಾನ ಬಂದರೆ ಮೂಸಿ ನೋಡಿ. ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ.

ತುಂಬುವ ಆಯಿಲಿನ ಬಗ್ಗೆ ಸ್ವಲ್ಪ ಹಟ ಬೇಕು. ಸಣ್ಣ ಕಾರುಗಳ ಗೇರ್‌ಬಾಕ್ಸಿಗೆ ಸುಮಾರು 2 ಲೀಟರ್ ಹಿಡಿಯುತ್ತದೆ, ನಿಖರ ಅಳತೆ ಮ್ಯಾನುಯಲ್ಲಿನಲ್ಲಿರುತ್ತದೆ. ಬಹಳಷ್ಟರಲ್ಲಿ ತುಂಬುವ ತೂತಿನ ಕೆಳಅಂಚಿನವರೆಗೆ ಬಂದು ಹೊರಚೆಲ್ಲಿದರೆ ಮಟ್ಟ ಸರಿ. ಮ್ಯಾನುಯಲ್ಲಿನಲ್ಲಿ ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಎಂದಿದ್ದರೆ ಜಿಎಲ್-4 ಹಾಕಬೇಕು. ಜಿಎಲ್-5 ‘ಇನ್ನೂ ಮೇಲ್ದರ್ಜೆಯದು’ ಎಂದು ತಿಳಿಯುವುದು ತಪ್ಪು. ಅದು ಹಿಂದಿನ ಆಕ್ಸಲ್ಲಿನ ಹೈಪಾಯ್ಡ್ ಹಲ್ಲುಗಳ ಭಾರೀ ಒತ್ತಡಕ್ಕಾಗಿ ಮಾಡಿದ್ದು, ಅದರಲ್ಲಿ ಗಂಧಕ-ರಂಜಕದ ಸೇರ್ಪಡೆ ಹೆಚ್ಚು. ಅಂಥ ಆಯಿಲ್ ಬಿಸಿಯಲ್ಲಿ ಹಿತ್ತಾಳೆಯ ರಿಂಗನ್ನು ತಿನ್ನಬಹುದು. ಜತೆಗೆ ಶಂಕುವಿನ ಮೇಲೆ ರಿಂಗ್ ಹಿಡಿಯಬೇಕಾದ ಕಡೆ ಅತಿಯಾಗಿ ಜಾರುವಂತೆ ಮಾಡುತ್ತದೆ. ಕೆಲವು ಗೇರ್‌ಬಾಕ್ಸ್‌ಗಳಿಗೆ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ನಿನ ತೆಳು ಆಯಿಲೇ ಬೇಕು, ಕೆಲವಕ್ಕೆ 75ಡಬ್ಲ್ಯೂ-80 ದಪ್ಪದ ಆಯಿಲ್. ದಪ್ಪ ಆಯಿಲ್ ಹಾಕಿ ಸದ್ದು ಮುಚ್ಚುವ ಉಪಾಯ ಬೆಳಗಿನ ಚಳಿಯಲ್ಲಿ ಗೇರ್ ಬೀಳದಂತೆ ಮಾಡುತ್ತದೆ, ಬೇರಿಂಗನ್ನೇನೂ ಉಳಿಸುವುದಿಲ್ಲ. ಚಳಿಯಲ್ಲಿ ಮಾತ್ರ ಗಟ್ಟಿಯಾಗಿದ್ದು ಹತ್ತು ನಿಮಿಷ ಓಡಿದ ಮೇಲೆ ಸಲೀಸಾಗುವ ಗೇರ್‌ಬಾಕ್ಸಿಗೆ ಬರಿಯ ಸರಿಯಾದ ಹೊಸ ಆಯಿಲೇ ಔಷಧ ಆಗುವುದುಂಟು. ಬಿಚ್ಚುವ ತೀರ್ಮಾನಕ್ಕೆ ಮುಂಚೆ ಅದೊಂದು ಅವಕಾಶ ಕೊಡಲೇಬೇಕು.

ಇಳಿಸುವುದು, ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತೆಗೆದು, ಕಾರನ್ನು ಗಟ್ಟಿ ನೆಲದಲ್ಲಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಒಂದು ನಿಮಿಷಕ್ಕೂ ಹಾಕಬಾರದು. ಮುಂದಿನ ಚಕ್ರದ ಕಾರಾದರೆ ಹಬ್ ನಟ್ ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ. ಆಯಿಲ್ ಖಾಲಿ ಮಾಡಿ, ಡ್ರೈವ್ ಶಾಫ್ಟ್‌ಗಳನ್ನು ತೆಗೆದು, ಕೇಬಲ್, ಸ್ಪೀಡ್ ಸೆನ್ಸರ್, ರಿವರ್ಸ್ ಲೈಟಿನ ಸ್ವಿಚ್, ಸ್ಟಾರ್ಟರ್ ಮೋಟರ್ ಬಿಡಿಸಿ. ಹಿಂದಿನ ಚಕ್ರದ ಕಾರಾದರೆ ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜ್‌ಗಳಿಗೆ ಬಣ್ಣದ ಗುರುತು ಹಾಕಿಯೇ ಬಿಚ್ಚಿ. ಬೇರೆ ಕೋನದಲ್ಲಿ ಕೂರಿಸಿದರೆ ಆಮೇಲೆ ಅದುರು ಶುರುವಾಗಬಹುದು. ಇಂಜಿನ್ನಿಗೆ ಮೇಲಿಂದ ಅಥವಾ ಕೆಳಗಿಂದ ಆಧಾರ ಕೊಟ್ಟು ಮೌಂಟ್ ತೆಗೆಯಬೇಕು. ಬೆಲ್ ಹೌಸಿಂಗ್ ಬೋಲ್ಟ್‌ಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಹೌಸಿಂಗ್‌ನ ಆಕಾರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟರೆ ವಾಪಸ್ ಹಾಕುವಾಗ ಯೋಚಿಸುವುದು ತಪ್ಪುತ್ತದೆ.

ಹೊರಗೆ ಎಳೆಯುವಾಗ ಗೇರ್‌ಬಾಕ್ಸ್ ನೇರವಾಗಿ ಹಿಂದಕ್ಕೆ ಬರಬೇಕು. ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನೊಳಗೆ ಇರುವಾಗಲೇ ಅದರ ಭಾರವನ್ನು ಜೋತುಬೀಳಲು ಬಿಟ್ಟರೆ ಪ್ಲೇಟಿನ ಹಬ್ ಬಾಗುತ್ತದೆ. ಮುಂದೆ ‘ಹೊಸ ಕ್ಲಚ್ ಹಾಕಿದರೂ ಬಿಡುತ್ತಿಲ್ಲ’ ಅನ್ನುವ ದೂರಿಗೆ ಇದೇ ಬೀಜ.

ಒಳಭಾಗ ಬಿಚ್ಚುವ ಕ್ರಮ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. ಮುಂದಿನ ಚಕ್ರದ ಐದು ಗೇರಿನ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಐದನೆಯ ಗೇರ್ ತುದಿಯ ಮುಚ್ಚಳದಡಿ ಇರುತ್ತದೆ. ಅದರ ಫೋರ್ಕಿನ ಪಿನ್ ಹೊಡೆದು ತೆಗೆದು, ಒಮ್ಮೆಗೆ ಎರಡು ಗೇರುಗಳನ್ನು ಹಾಕಿದರೆ ಶಾಫ್ಟ್‌ಗಳು ಬೀಗ ಹಾಕಿದಂತೆ ನಿಲ್ಲುತ್ತವೆ, ಆಗ ದೊಡ್ಡ ನಟ್ ಸಡಿಲಿಸಬಹುದು. ಆ ನಟ್‌ನ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಕೂರಿಸಿರುತ್ತಾರೆ, ಮೊದಲು ಅದನ್ನು ಎತ್ತಬೇಕು. ಡಿಟೆಂಟ್ ಪ್ಲಗ್ ತೆಗೆಯುವಾಗ ಸ್ಪ್ರಿಂಗೂ ಗುಂಡೂ ಹಾರುತ್ತವೆ. ತೂತಿನ ಮೇಲೆ ಬಟ್ಟೆ ಹಿಡಿದು, ಕಡ್ಡಿ ಮ್ಯಾಗ್ನೆಟ್ಟಿನಿಂದ ತೆಗೆಯಿರಿ. ಕೇಸಿನ ಎರಡು ಹೋಳುಗಳ ನಡುವೆ ಸ್ಕ್ರೂ ಡ್ರೈವರ್ ತುರುಕಿ ಎಬ್ಬಬೇಡಿ. ಅಲ್ಯೂಮಿನಿಯಂ ಮೇಲಿನ ಒಂದು ಗೀರು ಸಾಕು, ಆಯಿಲ್ ಶಾಶ್ವತವಾಗಿ ಜಿನುಗಲು. ಎಬ್ಬುವುದಕ್ಕೆಂದೇ ಅಂಚಿನಲ್ಲಿ ಕಿವಿಗಳಿರುತ್ತವೆ, ಅಲ್ಲಿ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದರೆ ಸೀಲಂಟ್ ಬಿಡುತ್ತದೆ. ಹಬ್ ಮತ್ತು ಸ್ಲೀವನ್ನು ಬೇರ್ಪಡಿಸುವ ಮೊದಲು ಎರಡಕ್ಕೂ ಸೇರಿದಂತೆ ಬಣ್ಣದ ಗೆರೆ ಎಳೆಯಿರಿ, ಯಾವ ಮುಖ ಯಾವ ಗೇರಿನ ಕಡೆಗಿತ್ತು ಎಂದೂ ಬರೆಯಿರಿ. ಹಬ್ ತಿರುಗುಮುರುಗಾಗಿ ಕೂತರೆ ಗೇರ್ ಪೂರ್ತಿ ಬೀಳುವುದಿಲ್ಲ. ಮರಳಿ ಬಳಸುವ ರಿಂಗುಗಳನ್ನು ಒಂದರ ಶಂಕುವಿನಿಂದ ಇನ್ನೊಂದಕ್ಕೆ ಅದಲುಬದಲು ಮಾಡಬೇಡಿ.

ಅಳತೆ

ಕಣ್ಣಿಗೆ ಚೆನ್ನಾಗಿ ಕಂಡಿತು ಎಂದು ರಿಂಗನ್ನು ಮರಳಿ ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಎಲ್ಲ ಭಾಗಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ರಿಂಗನ್ನು ಅದರದೇ ಶಂಕುವಿನ ಮೇಲೆ ಕೈಯಿಂದ ಒತ್ತಿ, ಹೊರಳಿಸಲು ನೋಡಿ. ಜಾರದೆ ಹಿಡಿಯಬೇಕು. ಹಾಗೇ ಒತ್ತಿ ಹಿಡಿದು, ರಿಂಗಿನ ಹಲ್ಲಿಗೂ ಗೇರಿನ ಡಾಗ್ ಹಲ್ಲಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಸುತ್ತ ಮೂರು ಕಡೆಯಾದರೂ ಅಳೆಯಿರಿ. ಹಿತ್ತಾಳೆಯ ಒಂಟಿ ರಿಂಗುಗಳಲ್ಲಿ ಹೊಸದಿದ್ದಾಗ ಇದು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಹಲವು ತಯಾರಕರು 0.5 ಮಿ.ಮೀ.ಗಿಂತ ಕೆಳಗಿಳಿದರೆ ಬದಲಿಸಿ ಎನ್ನುತ್ತಾರೆ. ರಿಂಗ್ ಒಳಮೈಯ ಸಣ್ಣ ಗೆರೆಗಳು ಆಯಿಲ್ ಪದರವನ್ನು ಕತ್ತರಿಸಲು ಇರುವಂಥವು. ಅವು ತೇದು ಮೈ ನುಣುಪಾಗಿ ಹೊಳೆಯುತ್ತಿದ್ದರೆ ಸಂದು ಸರಿ ಇದ್ದರೂ ರಿಂಗ್ ಸತ್ತಂತೆಯೇ.

ಫೋರ್ಕಿನ ತುದಿಗೂ ಸ್ಲೀವಿನ ತೋಡಿಗೂ ನಡುವಿನ ಸಡಿಲ ಬಹಳ ಕಾರುಗಳಲ್ಲಿ 1 ಮಿ.ಮೀ. ಮೀರಬಾರದು. ಗೇರ್ ಚಕ್ರ ಶಾಫ್ಟಿನುದ್ದಕ್ಕೆ ಎಷ್ಟು ಆಡುತ್ತದೆ ಎಂಬುದನ್ನು ಪ್ರತಿ ಗೇರಿಗೂ ಅಳೆಯಬೇಕು. ಶಾಫ್ಟನ್ನು ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜಿನಿಂದ ಬಾಗು ನೋಡಬೇಕು, ಮಿತಿ ಸಾಮಾನ್ಯವಾಗಿ ಮಿ.ಮೀ.ನ ನೂರನೇ ಭಾಗಗಳ ಲೆಕ್ಕದಲ್ಲಿರುತ್ತದೆ. ಬೇರಿಂಗನ್ನು ತೊಳೆದ ಮೇಲೆ ಗಾಳಿಯ ಪೈಪಿನಿಂದ ಗಿರಗಿರನೆ ತಿರುಗಿಸುವುದು ಅಪಾಯಕಾರಿ, ಬೇರಿಂಗಿಗೂ ಕಣ್ಣಿಗೂ. ಕೈಯಲ್ಲಿ ನಿಧಾನವಾಗಿ ತಿರುಗಿಸಿ ಗರಗರ ಇದೆಯೇ ಎಂದು ಬೆರಳಿಗೆ ಕೇಳಿ.

ಹಲ್ಲು ಮುರಿದ ಚಕ್ರದ ಜೋಡಿಯನ್ನೂ ಬದಲಿಸಬೇಕು, ಒಂದರ ಸವೆತಕ್ಕೆ ಇನ್ನೊಂದು ಹೊಂದಿಕೊಂಡಿರುತ್ತದೆ. ಕ್ರೌನ್-ಪಿನಿಯನ್ ಅಂತೂ ಯಾವಾಗಲೂ ಜತೆಯಾಗಿಯೇ. ಇಷ್ಟು ದೂರ ಬಂದ ಮೇಲೆ ಎಲ್ಲ ಆಯಿಲ್ ಸೀಲ್, ಸರ್ಕ್ಲಿಪ್ (ಭಾಗಗಳು ಜಾರದಂತೆ ತಡೆಯುವ ಬಾಯಿ ತೆರೆದ ಬಳೆ), ಬಡಿದು ಕೂರಿಸುವ ನಟ್ ಹೊಸವೇ ಇರಲಿ.

ಮರಳಿ ಕೂರಿಸುವುದು

ಬೇರಿಂಗನ್ನು ಶಾಫ್ಟಿಗೆ ಒತ್ತುವಾಗ ಒಳಗಿನ ಬಳೆಯ ಮೇಲೆ ಮಾತ್ರ ಬಲ ಬೀಳಬೇಕು. ಹೊರಬಳೆಯ ಮೇಲೆ ಒತ್ತಿದರೆ ಗುಂಡುಗಳು ತಮ್ಮ ದಾರಿಯಲ್ಲಿ ಕುಳಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಕೂಗುತ್ತದೆ. ಪ್ರೆಸ್ಸಿಗೆ ಬಗ್ಗದಿದ್ದರೆ ಬೇರಿಂಗನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಸಲೀಸಾಗಿ ಇಳಿಯುತ್ತದೆ. ಗ್ಯಾಸಿನ ಉರಿ ಹಿಡಿಯಬೇಡಿ, ಉಕ್ಕಿನ ಹದ ಕೆಡುತ್ತದೆ. ಒಳಮೈಗೆ ಘರ್ಷಣೆಯ ಲೈನಿಂಗ್ ಅಂಟಿಸಿರುವ ಸಿಂಕ್ರೊ ರಿಂಗುಗಳನ್ನು ಹೊಸ ಆಯಿಲಿನಲ್ಲಿ ನೆನೆಸಿಯೇ ಹಾಕಬೇಕು. ಸರ್ಕ್ಲಿಪ್‌ಗಳು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ. ತೋಡಿನಲ್ಲಿ ಸಡಿಲ ಉಳಿಯದಂತೆ ಕೂರುವ ದಪ್ಪದ್ದನ್ನು ಆರಿಸಬೇಕು. ಟೇಪರ್ ಬೇರಿಂಗ್ ಅಥವಾ ಕೇಸ್ ಬದಲಿಸಿದ್ದರೆ ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ) ಹೊಸದಾಗಿ ಲೆಕ್ಕ ಹಾಕಲೇಬೇಕು. ಹಳೆಯ ಶಿಮ್ಮನ್ನೇ ಹಾಕಿದರೆ ಒಂದೋ ಬೇರಿಂಗ್ ಬಿಗಿಯಾಗಿ ಸುಡುತ್ತದೆ, ಇಲ್ಲವೇ ಸಡಿಲವಾಗಿ ಕ್ರೌನ್ ಹಲ್ಲು ತಪ್ಪಾಗಿ ಕಚ್ಚುತ್ತದೆ.

ರೈಲುಗಳ ನಡುವಿನ ಇಂಟರ್‌ಲಾಕ್ ಪಿನ್ ಮರೆತರೆ ಓಡುವಾಗ ಎರಡು ಗೇರ್ ಒಟ್ಟಿಗೆ ಬಿದ್ದು ಚಕ್ರಗಳೇ ಲಾಕ್ ಆಗಬಹುದು. ಅದಕ್ಕೇ ಕೇಸ್ ಮುಚ್ಚುವ ಮುನ್ನ ಒಂದು ರೈಲನ್ನು ಗೇರಿಗೆ ತಳ್ಳಿ, ಇನ್ನೊಂದನ್ನು ತಳ್ಳಲು ನೋಡಿ. ಅದು ಅಲುಗಬಾರದು. ಸೀಲಂಟ್ ತೆಳ್ಳಗೆ, ಬೋಲ್ಟ್ ತೂತುಗಳ ಒಳಬದಿಯಿಂದ ಹಾದುಹೋಗುವಂತೆ ಒಂದೇ ಎಳೆಯಲ್ಲಿ ಹಾಕಿ. ದಪ್ಪ ಹಾಕಿದರೆ ಒಳಕ್ಕೆ ಹಿಂಡಿದ ತುಂಡು ಆಯಿಲ್ ದಾರಿಗೆ ಅಡ್ಡವಾಗುತ್ತದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ ಬಿಗಿಯಿರಿ. ಆಮೇಲೆ ಬೆಂಚಿನ ಮೇಲೇ ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ, ರಿವರ್ಸಿನಲ್ಲಿ ಔಟ್‌ಪುಟ್ ಹಿಮ್ಮುಖ ತಿರುಗುತ್ತದೆಯೇ, ನ್ಯೂಟ್ರಲ್‌ನಲ್ಲಿ ಅದು ಸುಮ್ಮನಿದೆಯೇ ನೋಡಿ. ಕಾರಿಗೆ ಏರಿಸಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ಏರಿಸುವಾಗ ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಟೂಲಿನಿಂದ ನಡುಮಧ್ಯಕ್ಕೆ ತಂದು, ಸ್ಪ್ಲೈನಿಗೆ ಗ್ರೀಸನ್ನು ಸವರಿ ಒರೆಸಿದಷ್ಟೇ ತೆಳುವಾಗಿ ಹಚ್ಚಿ. ಹೆಚ್ಚಾದದ್ದು ಸಿಡಿದು ಪ್ಲೇಟಿಗೆ ಅಂಟುತ್ತದೆ. ಬೆಲ್ ಹೌಸಿಂಗ್ ಇಂಜಿನ್ನಿಗೆ ಕೈಬಲದಲ್ಲೇ ಪೂರ್ತಿ ತಾಗಬೇಕು, ಡವೆಲ್ ಪಿನ್‌ಗಳಲ್ಲಿ ಕೂರಬೇಕು. ಒಂದು ಬೆರಳಿನ ಸಂದು ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಸ್ಪ್ಲೈನ್ ಹೊಂದಿಲ್ಲ ಎಂದರ್ಥ, ಬಿಗಿದರೆ ಹೌಸಿಂಗಿನ ಕಿವಿ ಮುರಿಯುತ್ತದೆ. ಗೇರ್ ಹಾಕಿ ಔಟ್‌ಪುಟ್ ಕಡೆಯಿಂದ ಸ್ವಲ್ಪ ತಿರುಗಿಸಿದರೆ ಸ್ಪ್ಲೈನ್ ದಾರಿ ಹಿಡಿಯುತ್ತದೆ.

ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಗೇರ್ ಬದಲಿಸುತ್ತಾ, ಭಾರ ಎಳೆಯದೆ ಓಡಿಸಿ, ಹೊಸ ರಿಂಗ್ ಶಂಕುವಿಗೆ ಹೊಂದಿಕೊಳ್ಳಬೇಕು. ಸುಮಾರು 1,000 ಕಿಲೋಮೀಟರಿಗೆ ಆಯಿಲ್ ಒಮ್ಮೆ ಬದಲಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ, ಮ್ಯಾನುಯಲ್ ಹಾಗೆ ಹೇಳದಿದ್ದರೂ. ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ರಿಲೀಸ್ ಬೇರಿಂಗ್ ಮತ್ತೆ ಬೇಗ ಹೋಗುತ್ತದೆ. ಹಿಂದಿನ ಚಕ್ರದ ಕಾರು ಕೆಟ್ಟುನಿಂತು ಎಳೆದೊಯ್ಯಬೇಕಾದರೆ ಹಿಂದಿನ ಚಕ್ರಗಳನ್ನು ಎತ್ತಿ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ ಕಳಚಿ ಎಳೆಯಬೇಕು. ಇಂಜಿನ್ ನಿಂತು ನ್ಯೂಟ್ರಲ್‌ನಲ್ಲಿದ್ದಾಗ ಆಯಿಲ್ ಎರಚುವ ಕೌಂಟರ್ ಶಾಫ್ಟ್ ತಿರುಗುವುದಿಲ್ಲ, ಮೇನ್ ಶಾಫ್ಟ್ ಮಾತ್ರ ಒಣಗಿದ ಬೇರಿಂಗ್ ಮೇಲೆ ತಿರುಗುತ್ತಾ ಹೋಗುತ್ತದೆ. ಹೊಸದಾಗಿ ಕೂರಿಸಿದ ಬೇರಿಂಗುಗಳನ್ನು ಒಂದೇ ದೂರದ ಪ್ರಯಾಣದಲ್ಲಿ ಹಾಳು ಮಾಡಲು ಅಷ್ಟು ಸಾಕು.